ಗೊರಕೆಗೆ ಸಾಕ್ಷಿ ಯಾರು?

ನಿದ್ದೆಯ ಬಗ್ಗೆ ಚರಿತ್ರೆಯಲ್ಲಿ ಸಿಗುವ ದಾಖಲೆಗಳನ್ನೆಲ್ಲ ಬರೆದವರು ಎಚ್ಚರವಾಗಿದ್ದವರು. ಹೇಳಿದರೆ ನಗು ಬರುವಷ್ಟು ಸರಳವಾದ ಮಾತಿದು. ಆದರೆ ನಿದ್ದೆಯಲ್ಲಿ ಬರುವ ಒಂದು ಕಾಯಿಲೆಯ ಚರಿತ್ರೆಯನ್ನು ಓದಲು ಹೊರಟಾಗ ಇದೇ ದೊಡ್ಡ ತೊಡಕಾಗುತ್ತದೆ. ಜ್ವರ ಬಂದವರು ಮೈ ಸುಡುತ್ತಿದೆ ಎನ್ನುತ್ತಾರೆ. ಹೊಟ್ಟೆನೋವಿನವರು ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ. ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ ಹಾಗಾಗುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಅವರ ಕಾಯಿಲೆಗೆ ಸಾಕ್ಷಿ ಪಕ್ಕದಲ್ಲಿ ಮಲಗಿದವರು. ಆ ಸಾಕ್ಷಿಗಳು ಶತಮಾನಗಳ ಕಾಲ ನಕ್ಕಿದ್ದಾರೆ, ರೇಗಿದ್ದಾರೆ, ಹಾಸಿಗೆಯನ್ನು ಬೇರೆ ಕೋಣೆಗೆ ಎಳೆದುಕೊಂಡು ಹೋಗಿದ್ದಾರೆ. ಕಂಡದ್ದನ್ನು ವೈದ್ಯರಿಗೆ ಹೇಳಿದ್ದು ಮಾತ್ರ ತೀರ ಕಡಿಮೆ.

ನಮ್ಮಲ್ಲಿ ಗೊರಕೆ ಎಂದೊಡನೆ ನೆನಪಾಗುವವನು ಕುಂಭಕರ್ಣ. ರಾಮಾಯಣದ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸುವ ಪ್ರಸಂಗ ಬರುತ್ತದೆ. ಅವನ ಉಸಿರಿನ ರಭಸಕ್ಕೆ ರಾಕ್ಷಸರು ಎದುರು ನಿಲ್ಲಲಾರದೆ ಹೋಗುತ್ತಾರೆ. ಭೇರಿ, ಶಂಖ, ಆನೆಗಳು, ಅನ್ನದ ರಾಶಿ ಎಲ್ಲವೂ ಅಲ್ಲಿವೆ. ಹರಿಕಥೆಯಲ್ಲೂ ಯಕ್ಷಗಾನದಲ್ಲೂ ಈ ಭಾಗಕ್ಕೆ ಜನ ಬಿದ್ದುಬಿದ್ದು ನಗುತ್ತಾರೆ. ಇಷ್ಟೆಲ್ಲ ವಿವರಗಳ ನಡುವೆ ಕುಂಭಕರ್ಣನಿಗೆ ನಿದ್ದೆ ಹೇಗಿತ್ತು ಎಂಬುದು ಮಾತ್ರ ಇಲ್ಲ. ಕಥೆ ಹೇಳುತ್ತಿರುವವರು ಎಬ್ಬಿಸಲು ಬಂದವರು.

ಇಂಗ್ಲೆಂಡಿನಲ್ಲಿ ಇದೇ ಪಾತ್ರ ಮನೆಯಾಳಾಗಿ ಬಂತು. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಕಂತುಗಳಲ್ಲಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ತಿನ್ನುತ್ತಾನೆ, ಗೊರಕೆ ಹೊಡೆಯುತ್ತಾನೆ, ಹೇಳಿದ ಕೆಲಸದ ನಡುವೆಯೇ ನಿದ್ದೆಹೋಗುತ್ತಾನೆ. ಯಜಮಾನನಿಗೆ ಸಿಟ್ಟು, ಓದುಗರಿಗೆ ನಗು. ನೂರಿಪ್ಪತ್ತು ವರ್ಷಗಳ ನಂತರ, 1956ರಲ್ಲಿ, ಬರ್ವೆಲ್ ಮತ್ತು ಸಂಗಡಿಗರು ಎಂಬ ಅಮೆರಿಕದ ವೈದ್ಯರು ಒಬ್ಬ ರೋಗಿಯ ಬಗ್ಗೆ ಲೇಖನ ಬರೆದಾಗ ಈ ಹುಡುಗನೇ ನೆನಪಾದ. ರೋಗಿ ಸ್ಥೂಲಕಾಯದ ವ್ಯಾಪಾರಸ್ಥ. ಇಸ್ಪೀಟಿನ ಪೋಕರ್ ಆಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದರೂ ಕೂತಲ್ಲೇ ನಿದ್ದೆ ಹತ್ತಿ ಆಟ ಕಳೆದುಕೊಂಡಿದ್ದ. ಅದಾದ ಮೇಲೆ ಆಸ್ಪತ್ರೆಗೆ ಬಂದ. ವೈದ್ಯರು ಕಾಯಿಲೆಗೆ 'ಪಿಕ್‌ವಿಕಿಯನ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಮೈಭಾರದಿಂದ ಉಸಿರಾಟ ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹಗಲು ಮಂಪರು ಬರುತ್ತದೆ ಎಂಬುದು ಅವರ ವಿವರಣೆ. ರಾತ್ರಿಯ ಕಡೆಗೆ ಇನ್ನೂ ಯಾರ ಗಮನವೂ ಹೋಗಿರಲಿಲ್ಲ. ಹೆಸರಿನ ಜೊತೆಗೆ ಒಂದು ಚಿತ್ರವೂ ವೈದ್ಯಶಾಸ್ತ್ರದೊಳಗೆ ಬಂದು ಕೂತಿತು: ಈ ಕಾಯಿಲೆ ಬರುವುದು ದಪ್ಪಗಿರುವ ಗಂಡಸಿಗೆ.

ಆ ಚಿತ್ರದ ಪರಿಣಾಮ ಎಷ್ಟು ದೂರ ಬಂದಿದೆ ಎಂದು ನಾನು ಹೇಳಬಲ್ಲೆ. ನನಗೆ ಇಪ್ಪತ್ತೆಂಟು ವರ್ಷ, ಹೆಣ್ಣು, ಐವತ್ತೆರಡು ಕೆ.ಜಿ. ತೂಕ. ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ ಕಡತಗಳ ಮೇಲೆ ತಲೆಯಿಟ್ಟು ನಿದ್ದೆಹೋಗತೊಡಗಿದೆ. ಬೆಳಿಗ್ಗೆ ಎದ್ದಾಗ ತಲೆನೋವು, ಬಾಯಿ ಒಣಗಿ ಕಟ್ಟಿಗೆ. ರಾತ್ರಿಯೆಲ್ಲ ಮೊಬೈಲು ನೋಡುತ್ತೀಯಾ ಎಂದು ಮಾರ್ಗದರ್ಶಕರು ಕೇಳಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದ ಒಬ್ಬ ವೈದ್ಯರು, ಏನೂ ಸಿಗದಿದ್ದಾಗ, ಥೀಸಿಸ್ ಮುಗಿದು ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದರು. ಕೊನೆಗೆ ಸಾಕ್ಷಿ ಹೇಳಿದವಳು ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆಗಿದ್ದ ಕಲಬುರಗಿ ಕಡೆಯ ಗೆಳತಿ. "ನೀ ಗೊರಕಿ ಹೊಡದ್ರ ನನಗೇನೂ ತ್ರಾಸಿಲ್ಲ. ಗೊರಕಿ ನಿಂತ್ರ ಅಂಜಿಕಿ ಬರ್ತದ ನೋಡು" ಎಂದಳು. ಎಷ್ಟೋ ರಾತ್ರಿ ಎದ್ದು ಕೂತು ನನ್ನ ಮುಂದಿನ ಉಸಿರಿಗೆ ಕಾದಿದ್ದಳಂತೆ. ಆ ಒಂದು ಮಾತನ್ನು ಹಿಡಿದುಕೊಂಡು ಬೇರೆ ವೈದ್ಯರಲ್ಲಿಗೆ ಹೋದೆ. ಅವರು ತೂಕ ಕೇಳಲಿಲ್ಲ. ಬಾಯಿ ತೆರೆಸಿ, ಸ್ವಲ್ಪ ಹಿಂದಕ್ಕೆ ಸರಿದಿರುವ ನನ್ನ ಗಲ್ಲವನ್ನು ನೋಡಿ, ಒಂದು ರಾತ್ರಿಯ ಪರೀಕ್ಷೆಗೆ ಬರೆದುಕೊಟ್ಟರು.

ಆ ಪರೀಕ್ಷೆಯಲ್ಲಿ ತಲೆಗೆ, ಕಣ್ಣಿನ ಬದಿಗೆ, ಕಾಲಿಗೆ ವೈರುಗಳು. ಎದೆಗೂ ಹೊಟ್ಟೆಗೂ ಪಟ್ಟಿ. ಮೂಗಿನ ಕೆಳಗೆ ಒಂದು ನಳಿಕೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಹೀಗೆ ಕಟ್ಟಿಸಿಕೊಂಡು ಯಾರಿಗಾದರೂ ನಿದ್ದೆ ಬರುತ್ತದೆಯೇ ಅನ್ನಿಸಿತು. ನನಗೆ ಐದೇ ನಿಮಿಷದಲ್ಲಿ ಬಂತು, ಅದೂ ಒಂದು ಲಕ್ಷಣವಂತೆ. ಉಸಿರು 10 ಸೆಕೆಂಡು ಅಥವಾ ಹೆಚ್ಚು ಹೊತ್ತು ನಿಂತರೆ ಅಥವಾ ಕುಗ್ಗಿದರೆ ಒಂದು ಲೆಕ್ಕ. ಗಂಟೆಗೆ 5 ದಾಟಿದರೆ ಕಾಯಿಲೆ, 30 ದಾಟಿದರೆ ತೀವ್ರ. ನನ್ನ ವರದಿಯಲ್ಲಿ 34 ಎಂದಿತ್ತು. ಅಂದರೆ ಸರಾಸರಿ ಎರಡು ನಿಮಿಷಕ್ಕೊಮ್ಮೆ ಗಂಟಲಿನ ಸ್ನಾಯುಗಳು ಸಡಿಲಾಗಿ ದಾರಿ ಮುಚ್ಚಿಕೊಳ್ಳುತ್ತಿತ್ತು. ಎದೆ ಎಳೆಯುತ್ತಿದ್ದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಆಮ್ಲಜನಕ ಇಳಿದಾಗ ಮೆದುಳು ಕ್ಷಣಮಾತ್ರ ಎಚ್ಚರಗೊಂಡು ಉಸಿರೆಳೆದು ಮತ್ತೆ ಮಲಗುತ್ತಿತ್ತು. ಎಂಟು ಗಂಟೆ ಮಲಗಿದ್ದೇನೆ ಎಂದು ನಾನು ನಂಬಿದ್ದ ರಾತ್ರಿಗಳನ್ನು ನನ್ನ ಮೈ ಹೀಗೆ ಕಳೆದಿತ್ತು.

ಈ ನೋಟ ವೈದ್ಯರಿಗೂ ಸಿಕ್ಕಿದ್ದು ರಾತ್ರಿಯಿಡೀ ಎದ್ದು ಕೂತ ಮೇಲೆಯೇ. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ತೋ ಮತ್ತು ಸಂಗಡಿಗರು, ಜರ್ಮನಿಯ ಫ್ರೈಬರ್ಗಿನಲ್ಲಿ ಯೂಂಗ್ ಮತ್ತು ಕೂಲೋ, ಬೇರೆಬೇರೆಯಾಗಿ, ಮಲಗಿದ ರೋಗಿಗಳ ಮೆದುಳಿನ ಅಲೆಗಳ ಜೊತೆಗೆ ಉಸಿರನ್ನೂ ದಾಖಲಿಸಿದರು. ಹಗಲಿನ ಮಂಪರಿಗೆ ಕಾರಣ ರಾತ್ರಿಯಲ್ಲಿತ್ತು. 1976ರ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಗಿಯೆಮಿನೋ ಮತ್ತು ಸಂಗಡಿಗರ ಬರಹದಿಂದ 'ಸ್ಲೀಪ್ ಅಪ್ನಿಯಾ ಸಿಂಡ್ರೋಮ್' ಎಂಬ ಹೆಸರು ನೆಲೆಯಾಯಿತು. ಗ್ರೀಕಿನಲ್ಲಿ ಅಪ್ನಿಯಾ ಎಂದರೆ ಉಸಿರಿಲ್ಲದಿರುವುದು. ಪಿಕ್‌ವಿಕ್‌ನಿಂದ ಅಪ್ನಿಯಾಕ್ಕೆ ಬಂದದ್ದು ಬರೀ ಹೆಸರಿನ ಬದಲಾವಣೆ ಎಂದು ನನಗನ್ನಿಸುವುದಿಲ್ಲ. ರೋಗಿಯ ಆಕಾರವನ್ನು ನೋಡುವುದು ಬಿಟ್ಟು ರೋಗಿಗೆ ಆಗುತ್ತಿರುವುದನ್ನು ನೋಡಿದಾಗ ಸಿಕ್ಕ ಹೆಸರು ಅದು.

ಕಾಯಿಲೆ ತಿಳಿದರೂ ಚಿಕಿತ್ಸೆ ಕಠೋರವಾಗಿತ್ತು. 1969ರಲ್ಲಿ ಕೂಲೋ ಮತ್ತು ಸಂಗಡಿಗರು ವರದಿ ಮಾಡಿದ ಉಪಾಯವೆಂದರೆ ಗಂಟಲಿನ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದು. ಹಗಲು ಅದನ್ನು ಮುಚ್ಚಿ ಮಾತಾಡಬಹುದು, ರಾತ್ರಿ ತೆರೆದು ಮಲಗಬೇಕು. ಉಸಿರೇನೋ ಸರಿಹೋಗುತ್ತಿತ್ತು. ಆದರೆ ಕತ್ತಿನಲ್ಲಿ ತೂತು ಇಟ್ಟುಕೊಂಡು ಬದುಕಬೇಕು, ದಿನವೂ ಶುಚಿಮಾಡಬೇಕು, ಈಜುವಂತಿಲ್ಲ.

1980ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಈ ಶಸ್ತ್ರಚಿಕಿತ್ಸೆಗೆ ಮನಸ್ಸಿಲ್ಲದ ಒಬ್ಬ ರೋಗಿ ಹೊಸ ಪ್ರಯೋಗಕ್ಕೆ ಒಪ್ಪಿದ. ವೈದ್ಯ ಕಾಲಿನ್ ಸಲಿವನ್ ಅದಕ್ಕೆ ಮೊದಲು ಕೆನಡಾದ ಟೊರಾಂಟೋದಲ್ಲಿ ನಿದ್ದೆಮಾಡುವ ನಾಯಿಗಳ ಉಸಿರಾಟವನ್ನು ಅಧ್ಯಯನ ಮಾಡಿದ್ದವನು. ಗಾಳಿಯ ಒತ್ತಡದಿಂದ ಉಸಿರಿಗೆ ನೆರವಾಗುವ ವಿದ್ಯೆ ಆಗಲೇ ಇತ್ತು. ಜಾರ್ಜ್ ಗ್ರೆಗರಿ ಎಂಬ ವೈದ್ಯ 1971ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಅದನ್ನು ಬಳಸಿದ ಬಗ್ಗೆ ಪ್ರಕಟಿಸಿದ್ದ. ಸಲಿವನ್ ಅದೇ ಒತ್ತಡವನ್ನು ಮೂಗಿನ ಮೂಲಕ ಗಂಟಲಿಗೆ ಕೊಟ್ಟ. ಸೈಕಲ್ಲಿನ ಟ್ಯೂಬು ಗಾಳಿಯಿದ್ದರೆ ಹೇಗೆ ಬಾಯಿ ಮುಚ್ಚದೆ ದುಂಡಗೆ ನಿಲ್ಲುತ್ತದೋ ಹಾಗೆ, ಒಳಗಿನ ಗಾಳಿಯೇ ಗಂಟಲನ್ನು ತೆರೆದು ನಿಲ್ಲಿಸುತ್ತದೆ. ಯಂತ್ರ ಎಂದರೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರು, ಎಳೆಯುವ ಬದಲು ಊದುವಂತೆ ಜೋಡಿಸಿದ್ದು. ಮುಖವಾಡವನ್ನು ಪ್ರತಿ ರೋಗಿಯ ಮೂಗಿನ ಅಚ್ಚು ತೆಗೆದು ಮಾಡಿ, ದಿನಾ ರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸಬೇಕಿತ್ತು. 1981ರ ಏಪ್ರಿಲ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಬಂತು. ಅದರಲ್ಲಿದ್ದದ್ದು ಐದೇ ರೋಗಿಗಳು. ಸಿಪ್ಯಾಪ್ ಚಿಕಿತ್ಸೆ ನಡೆದುಬಂದದ್ದು ಅಲ್ಲಿಂದ.

ಓದುವಾಗ ಇದೆಲ್ಲ ವಿಜಯದ ಕಥೆ. ನನ್ನ ಮಂಚದ ಪಕ್ಕಕ್ಕೆ ಆ ಯಂತ್ರ ಬಂದಾಗ, ಒಂದು ತಿಂಗಳ ಫೆಲೋಶಿಪ್‌ಗಿಂತ ಹೆಚ್ಚು ಹಣ ಕೊಟ್ಟು ತಂದ ಮೇಲೂ, ಮೊದಲ ವಾರ ಅದನ್ನು ಕಿತ್ತು ಬಿಸಾಡಿದ ರಾತ್ರಿಗಳೇ ಹೆಚ್ಚು. ಉಸಿರು ಎಳೆಯುವುದು ಸುಲಭ, ಬಿಡುವುದು ಕಷ್ಟ. ಎದುರುಗಾಳಿಗೆ ಸೈಕಲ್ ತುಳಿದ ಹಾಗೆ ಪ್ರತಿ ನಿಶ್ವಾಸವನ್ನೂ ತಳ್ಳಬೇಕು. ಬಾಯಿ ತೆರೆದರೆ ಗಾಳಿ ಅಲ್ಲಿಂದ ಹೊರಗೆ ನುಗ್ಗುತ್ತದೆ. ನುಂಗಿದ ಗಾಳಿ ಹೊಟ್ಟೆ ತುಂಬಿ ಬೆಳಿಗ್ಗೆ ತೇಗು. ಚಳಿಗೆ ಕೊಳವೆಯೊಳಗೆ ತೇವ ನೀರಾಗಿ ಮೂಗಿನೊಳಕ್ಕೆ ಹನಿಯುತ್ತದೆ. ಕೆನ್ನೆಯ ಮೇಲೆ ಪಟ್ಟಿಯ ಗೆರೆ ಮಧ್ಯಾಹ್ನದವರೆಗೂ ಇರುತ್ತದೆ. ಮುಖವಾಡ ಹಾಕಿಕೊಂಡ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು. ಹಗಲು ಎಚ್ಚರವಾಗಿದ್ದಾಗಲೇ ಹಾಕಿ ಅಭ್ಯಾಸ ಮಾಡಿಕೊಳ್ಳಿ ಎಂದು ತಂತ್ರಜ್ಞೆ ಹೇಳಿದಳು. ದಿನಾ ಸಂಜೆ ಅರ್ಧ ಗಂಟೆ ಅದನ್ನು ತೊಟ್ಟು ಪೇಪರ್ ಓದುತ್ತಿದ್ದೆ. ಮುಖವಾಡದ ಅಳತೆ ಎರಡು ಸಲ ಬದಲಾಯಿತು. ಆರನೆಯ ವಾರದಲ್ಲಿ ಒಂದು ಬೆಳಿಗ್ಗೆ ಎದ್ದಾಗ ತಲೆ ನೋಯುತ್ತಿರಲಿಲ್ಲ. ತಲೆನೋವು ಇಲ್ಲದ ಬೆಳಗು ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು.

ಯಂತ್ರ ಪ್ರತಿ ಬೆಳಿಗ್ಗೆ ಲೆಕ್ಕ ಕೊಡುತ್ತದೆ: ಎಷ್ಟು ಗಂಟೆ ತೊಟ್ಟಿದ್ದೆ, ಎಷ್ಟು ಗಾಳಿ ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು. ಈಗ ಅದು 2ರ ಆಸುಪಾಸು. ಇಷ್ಟು ವರ್ಷ ಬೇರೆಯವರ ಬಾಯಿಂದ ಕೇಳಬೇಕಿದ್ದ ನನ್ನ ರಾತ್ರಿಯ ಸುದ್ದಿ ನನಗೇ ಸಿಗುತ್ತಿದೆ.

ಇದರಿಂದ ನನ್ನ ಓದೂ ಬದಲಾಯಿತು. ನಾನು ಕೆಲಸ ಮಾಡುತ್ತಿರುವುದು ಹತ್ತೊಂಬತ್ತನೆಯ ಶತಮಾನದ ಮಲೆನಾಡಿನ ಕಂದಾಯದ ಕಾಗದಪತ್ರಗಳ ಮೇಲೆ. ವಸಾಹತು ಕಾಲದ ಅಧಿಕಾರಿಗಳ ಬರಹದಲ್ಲಿ ರೈತ ಸೋಮಾರಿ, ಕೂಲಿಯಾಳು ಮೈಗಳ್ಳ ಎಂಬ ಮಾತು ಪರಿಚಿತ. ಸಯ್ಯದ್ ಹುಸೇನ್ ಅಲಾತಾಸ್ ಆಗ್ನೇಯ ಏಷ್ಯಾದ ಸಂದರ್ಭದಲ್ಲಿ ಇಂಥ ಮಾತಿನ ರಾಜಕೀಯವನ್ನು 1977ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ನಮ್ಮ ಮಲೆನಾಡು ಜ್ವರಕ್ಕೆ ಹೆಸರಾದ ಸೀಮೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅದಕ್ಕೆ ಮೊದಲೂ ಆಮೇಲೂ ಜ್ವರದಿಂದ ರಕ್ತ ಬತ್ತಿದ ಮೈ ಗದ್ದೆಯ ಬದುವಿನಲ್ಲಿ ಕೂತಾಗ ದೂರದಿಂದ ನೋಡಿದವರಿಗೆ ಅದು ಸೋಮಾರಿತನವಾಗಿ ಕಂಡಿರಬಹುದು. ಯಾವ ರೈತನಿಗೆ ಜ್ವರವಿತ್ತು ಎಂದು ಇವತ್ತು ನಾನು ಹೇಳಲಾರೆ. ಡಿಕನ್ಸ್‌ನ ಜೋಗೆ ಅಪ್ನಿಯಾ ಇತ್ತು ಎಂದೂ ಹೇಳಲಾರೆ, ಸತ್ತವರಿಗೆ ರೋಗನಿರ್ಣಯ ಮಾಡುವುದು ಚರಿತ್ರೆಯ ಕೆಲಸವಲ್ಲ. ಆದರೆ 'ಸೋಮಾರಿ' ಎಂಬ ಪದ ಬಂದಲ್ಲಿ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಪುಸ್ತಕಕ್ಕೆ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಹೇಳಿದ್ದು ಯಾರು, ಎಲ್ಲಿ ನಿಂತು?

ಕಳೆದ ಮಳೆಗಾಲ ಊರಿಗೆ ಹೋದಾಗ ಯಂತ್ರವನ್ನೂ ಹೊತ್ತುಕೊಂಡು ಹೋಗಿದ್ದೆ. "ಇದೆಂಥದೇ ಮಾರಾಯ್ತಿ, ಆನೆ ಸೊಂಡ್ಲು!" ಎಂದು ಅಮ್ಮ ನಕ್ಕರು. ಗಂಡು ನೋಡಲು ಬರುವವರಿಗೆ ಇದನ್ನು ಹೇಳುವುದು ಬೇಡ ಎಂದೂ ಮೆಲ್ಲಗೆ ಸೇರಿಸಿದರು. ಹೆಣ್ಣು ಗೊರಕೆ ಹೊಡೆಯುತ್ತಾಳೆ ಎಂಬುದೇ ನಮ್ಮಲ್ಲಿ ಬಾಯಿಬಿಟ್ಟು ಹೇಳುವ ಮಾತಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 30ರಿಂದ 60 ವರ್ಷದ ಉದ್ಯೋಗಸ್ಥರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟೆಗೆ 5 ಸಲಕ್ಕಿಂತ ಕಡಿಮೆಯಿಲ್ಲದಂತೆ ಉಸಿರು ತಡೆಯುತ್ತಿದ್ದವರು ಗಂಡಸರಲ್ಲಿ 24 ಪ್ರತಿಶತ, ಹೆಂಗಸರಲ್ಲಿ 9 ಪ್ರತಿಶತ. ನೂರಕ್ಕೆ ಒಂಬತ್ತು ಹೆಂಗಸರು. ಮುಟ್ಟು ನಿಂತ ಮೇಲೆ ಈ ಕಾಯಿಲೆಯ ಸಾಧ್ಯತೆ ಇನ್ನೂ ಹೆಚ್ಚುತ್ತದೆ.

ಮೂರನೆಯ ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಯಂತ್ರ ನಿಂತು ನನಗೆ ಎಚ್ಚರವಾಯಿತು. ಹೆಂಚಿನ ಮೇಲೆ ಮಳೆಯ ಸದ್ದು, ಅದರ ನಡುವೆ ಪಕ್ಕದ ಹಾಸಿಗೆಯಲ್ಲಿ ಅಮ್ಮನ ಗೊರಕೆ. ಅದು ಏರಿ ಏರಿ ಹೋಗಿ ಥಟ್ಟನೆ ನಿಂತಿತು. ಒಂದು, ಎರಡು ಎಂದು ಎಣಿಸಿದೆ. ಹದಿನೆಂಟಕ್ಕೆ ಗಕ್ಕನೆ ಉಸಿರೆಳೆದು ಮಗ್ಗುಲಾದರು. ಮತ್ತೆ ನಿಂತಿತು. ಗೆಳತಿ ಹೇಳಿದ್ದ ಅಂಜಿಕೆ ಎಂಥದ್ದೆಂದು ಆಗ ತಿಳಿಯಿತು. ಕರೆಂಟು ಬರುವವರೆಗೆ ಟಾರ್ಚಿನ ಬೆಳಕಿನಲ್ಲಿ ಚೀಟಿಯೊಂದರ ಮೇಲೆ ಗಂಟೆ, ನಿಮಿಷ, ಸೆಕೆಂಡು ಬರೆಯುತ್ತ ಕೂತೆ.

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ಅಮ್ಮನಿಗೆ ಚೀಟಿ ತೋರಿಸಿದೆ. "ನನಗೆಂಥ ಕಾಯಿಲೆ? ದಿನಾ ನಾಲ್ಕೂವರೆಗೆ ಏಳ್ತೇನೆ" ಎಂದರು. ಮಧ್ಯಾಹ್ನ ಅಡಿಕೆ ಸುಲಿಯುತ್ತ ಕೂತಲ್ಲೇ ತೂಕಡಿಸುವುದನ್ನು ಮನೆಯವರೆಲ್ಲ ವಯಸ್ಸು ಎಂದುಕೊಂಡಿದ್ದೇವೆ. ಚೀಟಿಯನ್ನು ಅವರು ಬಿಸಾಡಲಿಲ್ಲ, ಸಾಸಿವೆ ಡಬ್ಬಿಯ ಕೆಳಗಿಟ್ಟರು. ಎರಡು ವಾರದ ಮೇಲೆ ಫೋನಿನಲ್ಲಿ ಮನೆ ಸುದ್ದಿಯೆಲ್ಲ ಹೇಳಿ ಮುಗಿಸಿ, ಕೊನೆಯಲ್ಲಿ, ಆ ಪರೀಕ್ಷೆಗೆ ಒಂದು ರಾತ್ರಿ ಅಲ್ಲೇ ಮಲಗಬೇಕಾ, ಜೊತೆಗೆ ನೀನಿರಬಹುದಾ ಎಂದು ಕೇಳಿದರು. ಇರಬಹುದು ಎಂದೆ.