ಹೆಸರಿಲ್ಲದ ತಲೆನೋವು

ಅರೆತಲೆನೋವಿಗೆ ಕನ್ನಡದಲ್ಲಿ ಪ್ರತ್ಯೇಕವಾದ ಹೆಸರಿದೆ. ಸಂಸ್ಕೃತ ವೈದ್ಯಗ್ರಂಥಗಳು ಅದನ್ನು ‘ಅರ್ಧಾವಭೇದಕ’ ಎನ್ನುತ್ತವೆ. ಆದರೆ ಅದಕ್ಕಿಂತಲೂ ಹೆಚ್ಚು ಜನರನ್ನು ಕಾಡುವ, ತಲೆಯ ಸುತ್ತ ಪಟ್ಟಿ ಬಿಗಿದಂತೆ ಹಿಂಡುವ ನೋವಿಗೆ ಜನಬಳಕೆಯಲ್ಲಿರುವುದು ಬರಿಯ ‘ತಲೆನೋವು’ ಎಂಬ ಮಾತು. ಹೆಸರಿಲ್ಲದುದು ಅಲಕ್ಷ್ಯಕ್ಕೊಳಗಾಗುವುದು ಸಹಜ.

ಪ್ರಾಚೀನರು ತಲೆನೋವುಗಳನ್ನು ಸೂಕ್ಷ್ಮವಾಗಿ ವಿಂಗಡಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನ 5 ಶಿರೋರೋಗಗಳನ್ನೂ ಸುಶ್ರುತಸಂಹಿತೆಯ ಉತ್ತರತಂತ್ರ 11ನ್ನೂ ಎಣಿಸುತ್ತವೆ. ವಾತಜ ಶಿರೋರೋಗಕ್ಕೆ ಚರಕವು ಹೇಳುವ ಕಾರಣಗಳಲ್ಲಿ ಅತಿಯಾದ ಮಾತು, ಜಾಗರಣೆ, ಉಪವಾಸ, ಶೋಕ, ಭಯ, ಭಾರ ಹೊರುವಿಕೆ ಸೇರಿವೆ; ಲಕ್ಷಣಗಳಲ್ಲಿ ಕಪೋಲದ ಮೇಲಣ ಕಣತಲೆಯ ನೋವೂ ಹೆಗ್ಗತ್ತಿನ ಸಿಡಿತವೂ ಇವೆ. ತಲೆಗೆ ಬಟ್ಟೆ ಬಿಗಿದರೆ, ಶಾಖ ಕೊಟ್ಟರೆ ಈ ನೋವು ತಗ್ಗುವುದೆಂದು ಸುಶ್ರುತವು ಗುರುತಿಸುತ್ತದೆ. ಇದನ್ನು ಇಂದಿನ ಒತ್ತಡದ ತಲೆನೋವಿನೊಡನೆ ಪೂರ್ಣವಾಗಿ ಸಮೀಕರಿಸಲಾಗದು. ಎರಡರ ತಾತ್ತ್ವಿಕ ಚೌಕಟ್ಟುಗಳೇ ಬೇರೆ. ಆದರೂ ಮನಸ್ಸಿನ ಭಾರ ತಲೆಯಲ್ಲಿ ನೋವಾಗುತ್ತದೆಂಬ ಅರಿವು ಎರಡಕ್ಕೂ ಸಮಾನ.

ಆಧುನಿಕ ವೈದ್ಯದಲ್ಲಿಯೂ ಈ ಹೆಸರು ಸ್ಥಿರವಾಗಿರಲಿಲ್ಲ. 1962ರ ಅಮೆರಿಕದ ವರ್ಗೀಕರಣ ಇದನ್ನು ಸ್ನಾಯುಸಂಕೋಚನದ ತಲೆನೋವೆಂದಿತು. ಸ್ನಾಯುವೊಂದೇ ಕಾರಣವೆಂಬುದು ಸಿದ್ಧವಾಗದ್ದರಿಂದ 1988ರ ಅಂತಾರಾಷ್ಟ್ರೀಯ ವರ್ಗೀಕರಣ ‘ಒತ್ತಡ ಬಗೆಯ ತಲೆನೋವು’ ಎಂಬ ಎಚ್ಚರದ ಹೆಸರನ್ನು ಆಯ್ದುಕೊಂಡಿತು. ಇದು ಸಾಮಾನ್ಯವಾಗಿ ತಲೆಯ ಎರಡೂ ಬದಿಗೆ ಬರುತ್ತದೆ, ಮಿಡಿಯದೆ ಅದುಮುತ್ತದೆ, 30 ನಿಮಿಷದಿಂದ 7 ದಿನಗಳವರೆಗೆ ಇರಬಹುದು, ನಡೆದಾಟದಿಂದ ಹೆಚ್ಚುವುದಿಲ್ಲ, ವಾಂತಿಯಿರುವುದಿಲ್ಲ.

ಕ್ರಮಬದ್ಧವಾದ ನಿದ್ರೆ ಮತ್ತು ಆಹಾರ, ವ್ಯಾಯಾಮ, ಓದಿನ ನಡುವೆ ಕತ್ತು ಹೆಗಲುಗಳಿಗೆ ಬಿಡುವು ಇದರ ಮೊದಲ ಉಪಚಾರಗಳು. ನೋವಿನ ಮಾತ್ರೆ ಒಮ್ಮೊಮ್ಮೆ ಸಾಕು. ತಿಂಗಳಿಗೆ 15 ದಿನಗಳಷ್ಟು ಅದನ್ನೇ ನುಂಗುತ್ತ ಮೂರು ತಿಂಗಳು ಮೀರಿದರೆ ಔಷಧವೇ ತಲೆನೋವಿಗೆ ಹೇತುವಾಗಬಲ್ಲುದು. ಹಠಾತ್ತನೆ ಬಂದೆರಗುವ ತೀವ್ರ ನೋವು, ಜ್ವರದೊಡನೆ ಕತ್ತು ಸೆಟೆಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, 50 ದಾಟಿದ ಮೇಲೆ ಹೊಸದಾಗಿ ತೊಡಗುವ ತಲೆನೋವು: ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

12ನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿ ವೈದ್ಯಕ್ಕೆ ನಮ್ಮ ನುಡಿಯನ್ನು ಒದಗಿಸಿದನು. ಇಂದು ನಾವು ‘ಟೆನ್ಷನ್’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುತ್ತಿದ್ದೇವೆ. ನೋವು ಎಲ್ಲಿದೆ, ಹೇಗಿದೆ, ಎಷ್ಟು ಹೊತ್ತಿನಿಂದಿದೆ ಎಂದು ಬಿಡಿಸಿ ಹೇಳಬಲ್ಲ ರೋಗಿಯ ಮಾತೇ ಈ ತಲೆನೋವನ್ನು ಗುರುತಿಸಲು ವೈದ್ಯನಿಗೆ ಇರುವ ಮುಖ್ಯ ಆಧಾರ.