ಹಳೆಯ ಪಟದ ಬೆನ್ನು

ಮುಂಬಯಿಗೆ ಬಂದು ನೆಲೆಸಿದ ನಮ್ಮವರ ಟ್ರಂಕುಗಳಲ್ಲಿ ಹಿರಿಯರ ಭಾವಚಿತ್ರಗಳುಂಟು. ತೆಗೆದ ವರ್ಷ ಮಾತ್ರ ಬರೆದಿರುವುದಿಲ್ಲ. ಉಡುಗೆಯಿಂದ ಕಾಲವನ್ನು ಎಣಿಸಹೊರಟರೆ ಮೋಸಹೋಗುವೆವು. ಅಜ್ಜಿಯ ಮದುವೆಯ ಇಳಕಲ್ ಸೀರೆ ಮೊಮ್ಮಗಳ ನಾಮಕರಣಕ್ಕೂ ಹೊರಬರುತ್ತಿತ್ತು. ಕೋಟನ್ನಂತೂ ಸ್ಟುಡಿಯೋದವರೇ ತೊಡಿಸುತ್ತಿದ್ದುದುಂಟು! ಆದ್ದರಿಂದ ನಾವು ಮೊದಲು ಪಟದ ಬೆನ್ನನ್ನು ನೋಡುತ್ತೇವೆ.

ಧಾರವಾಡದ ಸ್ಟುಡಿಯೋ ಮೊಹರಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಆ ಪ್ರತಿ 1956ರ ನವೆಂಬರ್ 1ರ ಏಕೀಕರಣದ ಈಚಿನದು. ಅದುವರೆಗೆ ಧಾರವಾಡ ಮುಂಬಯಿಗೆ ಸೇರಿದ್ದಿತಷ್ಟೆ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕೆ ಹಿಂದಿನದಲ್ಲ. ‘ಕರ್ನಾಟಕ ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ಬಳಿಕದ್ದು. ಆದರೆ ಇದು ಪ್ರತಿಯ ವಯಸ್ಸು. ಮೂಲ ನೆಗೆಟಿವ್ ಇನ್ನೂ ಹಳೆಯದಿರಬಹುದು. ಹಳೆಯ ಮೊಹರನ್ನು ಸ್ಟುಡಿಯೋದವರು ಹೊಸ ಕಾಲದಲ್ಲೂ ಒತ್ತಿರಬಹುದು.

ಮುಖಗಳ ಹೆಸರನ್ನಾದರೋ ಮೊಹರು ಹೇಳದು. ಅದನ್ನು ಬಲ್ಲ ಮುದುಕರು ಊರಲ್ಲಿ ಒಬ್ಬಿಬ್ಬರಿದ್ದಾರೆ. ಈ ಸಲ ಹೋದಾಗ ಕೇಳಿ, ಪೆನ್ಸಿಲಿನಿಂದ ಹಗುರವಾಗಿ ಹಿಂದೆ ಬರೆದುಕೊಳ್ಳೋಣ.