ತೋಳಿನಿಂದ ತೋಳಿಗೆ

ದ್ವಿತೀಯ ಪಿಯುಸಿ ತರಗತಿಯ ಜೀವಶಾಸ್ತ್ರದಲ್ಲಿ ರೋಗನಿರೋಧಕ ಶಕ್ತಿಯ ಪಾಠಕ್ಕೆ ಬಂದ ವಿದ್ಯಾರ್ಥಿಗೆ ಪ್ರತಿಜನಕ, ಪ್ರತಿಕಾಯ, ಲಿಂಫೋಸೈಟು, ಸ್ಮೃತಿಕೋಶ ಎಂಬ ಪದಗಳು ಒಂದರ ಬೆನ್ನಿಗೊಂದು ಎದುರಾಗುತ್ತವೆ. ಮೊದಲ ಸಲ ಹೊಕ್ಕ ರೋಗಾಣುವಿಗೆ ದೇಹವು ಒಡ್ಡುವ ಪ್ರತಿರೋಧ ಮಂದವೂ ದುರ್ಬಲವೂ ಆಗಿರುತ್ತದೆಂದೂ, ಅದೇ ರೋಗಾಣು ಮರಳಿ ಬಂದಾಗ ಸ್ಮೃತಿಕೋಶಗಳ ದೆಸೆಯಿಂದ ಆ ಪ್ರತಿರೋಧ ಶೀಘ್ರವೂ ಪ್ರಬಲವೂ ಆಗುತ್ತದೆಂದೂ ಅಲ್ಲಿ ಹೇಳಿರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ತತ್ತ್ವವು ಸೂಕ್ಷ್ಮದರ್ಶಕದ ಕೆಳಗೆ ಹುಟ್ಟಿದುದಲ್ಲ. ರೋಗಾಣುವೆಂಬ ವಸ್ತುವಿನ ಕಲ್ಪನೆಯೂ ಇಲ್ಲದಿದ್ದ ಕಾಲದಲ್ಲಿ, ಮನೆಯ ಜಗುಲಿಯ ಮೇಲೆ, ಮಕ್ಕಳ ತೋಳುಗಳ ಮೇಲೆ, ಹೆಸರು ಉಳಿಯದ ಜನರ ಕೈಯಲ್ಲಿ ಅದು ಆಚಾರವಾಗಿ ಬಾಳಿತು, ಶಾಸ್ತ್ರವಾಗಿ ಬಂದುದು ಬಹು ತಡವಾಗಿ. ಸಿಡುಬಿಗೆ ಲಸಿಕೆ ಹಾಕಿಸುವ, ನಮ್ಮ ಹಿರಿಯರು ದಾಕು ಹಾಕಿಸುವುದೆಂದು ಕರೆಯುತ್ತಿದ್ದ ಕ್ರಿಯೆಯ ಪೂರ್ವೇತಿಹಾಸವೇ ಆ ಚರಿತ್ರೆ.

ಸಿಡುಬು ಎಂಬ ಮಾತನ್ನು ಬಾಯಿಬಿಟ್ಟು ಆಡಲೂ ಅಂಜುತ್ತಿದ್ದ ಕಾಲವೊಂದಿತ್ತು. ಮೈಲಿಬೇನೆಯೆಂದೋ, ಮನೆಗೆ ಅಮ್ಮ ಬಂದಿದ್ದಾಳೆಂದೋ ಹೇಳಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆಯ ಘಾಟು ಏಳದಂತೆ ಅಡಿಗೆ ಮಾಡಿ, ರೋಗಿಗೆ ತಂಪಾದ ಆಹಾರವನ್ನಷ್ಟೇ ಕೊಟ್ಟು, ಮಾರಮ್ಮನಿಗೆ ಹರಕೆ ಹೊತ್ತು ಜನ ಕಾಯುತ್ತಿದ್ದರು. ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು; ಉಳಿದವರಲ್ಲಿ ಹಲವರ ಮುಖದ ಮೇಲೆ ಕುಳಿಗಳು ನಿಲ್ಲುತ್ತಿದ್ದವು, ಕೆಲವರ ಕಣ್ಣುಗಳು ಹೋಗುತ್ತಿದ್ದವು. ಆದರೆ ಇಂತು ಉಳಿದವರನ್ನು ಅದು ಮತ್ತೊಮ್ಮೆ ಮುಟ್ಟುತ್ತಿರಲಿಲ್ಲವೆಂಬುದನ್ನು ಎಲ್ಲ ನಾಡುಗಳ ಜನರೂ ಬಲ್ಲರು. ಇಂಥದೇ ಅನುಭವವನ್ನು ಬೇರೊಂದು ಮಹಾಮಾರಿಯ ವಿಷಯದಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿಯೇ ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸನು ದಾಖಲಿಸಿದ್ದಾನೆ: ಅಥೆನ್ಸ್ ನಗರವನ್ನು ಹಾಳುಗೆಡವಿದ ಆ ವ್ಯಾಧಿಯಿಂದ ಬದುಕಿಕೊಂಡವರೇ ರೋಗಿಗಳ ಆರೈಕೆಗೆ ನಿಂತರು, ಏಕೆಂದರೆ ಎರಡನೆಯ ಸಲ ಅದು ಅವರಿಗೆ ಮಾರಕವಾಗಿ ಬರುತ್ತಿರಲಿಲ್ಲ.

ಈ ಅರಿವಿನಿಂದ ಮುಂದಿನ ಹೆಜ್ಜೆಯನ್ನು ಇಟ್ಟವರ ಧೈರ್ಯ ನನಗೆ ಇಂದಿಗೂ ವಿಸ್ಮಯಕರವಾಗಿ ತೋರುತ್ತದೆ. ಹೇಗೂ ಬರಲಿರುವ ರೋಗವನ್ನು ನಾವೇ ಆರಿಸಿದ ಹೊತ್ತಿನಲ್ಲಿ, ನಾವೇ ಆರಿಸಿದ ಅಂಗದಲ್ಲಿ, ಅಲ್ಪ ಪ್ರಮಾಣದಲ್ಲಿ ಬರಮಾಡಿಕೊಳ್ಳುವುದು! ಚೀನದಲ್ಲಿ ಸಿಡುಬಿನ ಒಣಗಿದ ಹೊಪ್ಪಳೆಯನ್ನು ಪುಡಿಮಾಡಿ ಮೂಗಿನೊಳಕ್ಕೆ ಊದುತ್ತಿದ್ದರು. ಬಂಗಾಳದಲ್ಲಿ ಆಚರಿಸುತ್ತಿದ್ದ ಕ್ರಮವನ್ನು ಅಲ್ಲಿ ಬಹುಕಾಲ ಇದ್ದ ಜೆ. ಝಡ್. ಹಾಲ್ವೆಲ್ ಎಂಬ ಆಂಗ್ಲ ವೈದ್ಯನು 1767ರಲ್ಲಿ ಲಂಡನ್ನಿನ ವೈದ್ಯರಿಗೆ ವಿವರಿಸಿ ಬರೆದನು; ಅವನ ಬರಹದಲ್ಲಿ ಆ ಕ್ರಿಯೆ ಕಣ್ಣಿಗೆ ಕಟ್ಟುವಂತಿದೆ. ಟೀಕೆ ಹಾಕುವ, ಎಂದರೆ ಸಿಡುಬಿನ ದ್ರವವನ್ನು ಚರ್ಮದೊಳಕ್ಕೆ ಇಳಿಸುವ, ಬ್ರಾಹ್ಮಣರು ಮೂರು ನಾಲ್ಕು ಮಂದಿಯ ಗುಂಪುಗಳಾಗಿ, ರೋಗ ಹಬ್ಬುವ ಋತುವಿಗೆ ಮುಂಚೆಯೇ ಊರೂರಿಗೆ ಬರುತ್ತಿದ್ದರು. ಒಂದು ತಿಂಗಳಿಂದ ಮೀನು, ಹಾಲು, ತುಪ್ಪಗಳನ್ನು ಬಿಟ್ಟು ಪಥ್ಯದಲ್ಲಿದ್ದವರಿಗೆ ಮಾತ್ರ ಅವರು ಟೀಕೆ ಹಾಕುತ್ತಿದ್ದರು. ಪಥ್ಯ ತಪ್ಪಿದವರ ಮನೆಯ ಬಾಗಿಲಿನಿಂದ ಹಾಗೆಯೇ ಹಿಂದಿರುಗುತ್ತಿದ್ದರು. ಗಂಡುಮಕ್ಕಳಿಗೆ ಮೊಣಕೈಯ ಕೆಳಗೆ, ಹೆಣ್ಣುಮಕ್ಕಳಿಗೆ ಮೊಣಕೈಯ ಮೇಲೆ ಸ್ಥಾನವನ್ನು ಗೊತ್ತುಮಾಡಿ, ಒಣಬಟ್ಟೆಯಿಂದ ಎಂಟು ಹತ್ತು ನಿಮಿಷಗಳ ಕಾಲ ಆ ಭಾಗವನ್ನು ಉಜ್ಜಿ, ಸಣ್ಣ ಆಯುಧದಿಂದ ರಕ್ತ ಜಿನುಗುವಷ್ಟು ಮಾತ್ರ ಚರ್ಮವನ್ನು ಗೀರಿ, ಸಿಡುಬಿನ ದ್ರವದಲ್ಲಿ ನೆನೆಸಿಟ್ಟಿದ್ದ ಹತ್ತಿಯ ತುಣುಕನ್ನು ಎರಡು ಮೂರು ಹನಿ ಗಂಗಾಜಲದಿಂದ ತೇವಮಾಡಿ, ಗಾಯದ ಮೇಲಿಟ್ಟು ಕಟ್ಟುತ್ತಿದ್ದರು. ಆ ಹೊತ್ತಿನಲ್ಲೆಲ್ಲ ಮಂತ್ರಪಠನ ನಡೆಯುತ್ತಿತ್ತು. ಆರು ಗಂಟೆಗಳ ತರುವಾಯ ಕಟ್ಟನ್ನು ಬಿಚ್ಚುವುದು. ಜ್ವರ ಬರುವ ತನಕ ದಿನವೂ ತಲೆಯ ಮೇಲೆ ತಣ್ಣೀರು ಹೊಯ್ಯುವುದು. ನಿಮ್ಮ ಮಗುವಿಗೆ ಎಷ್ಟು ಗುಳ್ಳೆಗಳು ಏಳಬೇಕೆಂದು ಅವರು ತಂದೆತಾಯಿಗಳನ್ನು ಕೇಳುತ್ತಿದ್ದುದೂ ಉಂಟೆಂದು ಹಾಲ್ವೆಲ್ ಬರೆಯುತ್ತಾನೆ.

ಇದರಲ್ಲಿ ಎರಡು ಅಂಶಗಳನ್ನು ಇಂದಿನ ವಿದ್ಯಾರ್ಥಿ ವಿಶೇಷವಾಗಿ ಗಮನಿಸಬೇಕು. ಅವರು ಬಳಸುತ್ತಿದ್ದ ದ್ರವವು ಆಗತಾನೆ ರೋಗದಿಂದ ನರಳುತ್ತಿರುವವನದಲ್ಲ. ಹಿಂದಿನ ವರ್ಷ ಟೀಕೆಯಿಂದ ಎದ್ದ ಗುಳ್ಳೆಗಳಿಂದ ತೆಗೆದಿಟ್ಟುದು. ಒಂದು ವರ್ಷ ಹಳೆಯದಾದ ದ್ರವದಲ್ಲಿ ಜೀವಂತವಾಗಿ ಉಳಿದ ವೈರಸ್ಸುಗಳ ಸಂಖ್ಯೆ ಕಡಿಮೆಯಾಗಿರುತ್ತದೆ. ಎರಡನೆಯದಾಗಿ, ಉಸಿರಿನ ಮಾರ್ಗವಾಗಿ ಹೊಕ್ಕು ಸದ್ದಿಲ್ಲದೆ ದೇಹದೊಳಗೆಲ್ಲ ಹರಡುವ ಸಿಡುಬನ್ನು ಇವರು ಚರ್ಮದ ಒಂದು ಬಿಂದುವಿನಲ್ಲಿ ಇಳಿಸುತ್ತಿದ್ದರು; ಅಲ್ಲಿ ಅದು ಮೊದಲು ಸ್ಥಳೀಯವಾಗಿ ಬೆಳೆಯುವಷ್ಟರಲ್ಲಿ ದೇಹವು ಶತ್ರುವಿನ ಗುರುತು ಹಿಡಿದು ಪ್ರತಿಕಾಯಗಳನ್ನು ಸಿದ್ಧಪಡಿಸಲು ಕಾಲಾವಕಾಶ ದೊರೆಯುತ್ತಿತ್ತು. ಕಾರಣ ತಿಳಿಯದಿದ್ದರೂ ಫಲ ಅವರಿಗೆ ತಿಳಿದಿತ್ತು. ಹಾಗೆಂದು ಈ ಪದ್ಧತಿಯನ್ನು ಇದ್ದುದಕ್ಕಿಂತ ಮಿಗಿಲಾಗಿ ಹೊಗಳುವುದು ನ್ಯಾಯವಲ್ಲ. ಟೀಕೆ ಹಾಕಿಸಿಕೊಂಡವರಲ್ಲಿಯೂ ಕೆಲವರು ಸಾಯುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಬರುತ್ತಿದ್ದುದು ನಿಜವಾದ ಸಿಡುಬೇ ಆದುದರಿಂದ ಪಕ್ಕದ ಮನೆಗೆ ಅದು ಪೂರ್ಣ ಉಗ್ರತೆಯಿಂದಲೇ ಅಂಟಬಹುದಾಗಿತ್ತು.

ತುರ್ಕಿಯಲ್ಲಿ ಇದೇ ಆಚಾರವನ್ನು ವೃದ್ಧ ಸ್ತ್ರೀಯರು ನಡೆಸುತ್ತಿದ್ದುದನ್ನು ಕಂಡ ಆಂಗ್ಲ ರಾಯಭಾರಿಯ ಪತ್ನಿ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ತನ್ನ ಮಗನಿಗೆ 1718ರಲ್ಲಿ ಅಲ್ಲಿಯೂ, ಮಗಳಿಗೆ 1721ರಲ್ಲಿ ಲಂಡನ್ನಿನಲ್ಲಿಯೂ ಅದನ್ನು ಮಾಡಿಸಿದಳು. ಅದೇ 1721ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಿಡುಬು ಹಬ್ಬಿದಾಗ, ಒನೆಸಿಮಸ್ ಎಂಬ ಆಫ್ರಿಕದ ಗುಲಾಮನು ತನ್ನ ನಾಡಿನ ವಾಡಿಕೆಯಾಗಿ ಹೇಳಿದ್ದ ಈ ಕ್ರಮವನ್ನು ಅವನ ಒಡೆಯನಾದ ಪಾದ್ರಿ ಕಾಟನ್ ಮ್ಯಾದರ್ ವೈದ್ಯರ ಮುಂದಿಟ್ಟನು. ಒಬ್ಬ ವೈದ್ಯನು ಮಾತ್ರ ಕೇಳಿದನು. ಅವನು ಟೀಕೆ ಹಾಕಿದವರಲ್ಲಿ ನೂರಕ್ಕೆ ಇಬ್ಬರು ಮೂವರು ತೀರಿಕೊಂಡರೆ, ತಾನಾಗಿ ರೋಗ ತಗುಲಿದವರಲ್ಲಿ ನೂರಕ್ಕೆ ಸುಮಾರು ಹದಿನಾಲ್ಕು ಮಂದಿ ಸತ್ತರು. ವಿದ್ವಾಂಸರಿಗೆ ಈ ವಿದ್ಯೆಯನ್ನು ಕಲಿಸಿದವರು ಮುದುಕಿಯರೂ ಗುಲಾಮರೂ ಎಂಬುದನ್ನು ಚರಿತ್ರೆ ಬರೆಯುವವರು ಮರೆಯಬಾರದು.

ಆಂಗ್ಲ ವೈದ್ಯ ಜೆನ್ನರನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಹಸುವಿನ ಕೆಚ್ಚಲಿನ ಮೇಲೆ ಏಳುವ ಗೋಸಿಡುಬು ಹಾಲು ಕರೆಯುವವರ ಕೈಗೆ ತಗುಲಿದರೆ ಅವರಿಗೆ ಸಿಡುಬು ಬರುವುದಿಲ್ಲವೆಂಬುದು ಇಂಗ್ಲೆಂಡಿನ ಗೋಪಾಲಕರ ಅನುಭವದ ಮಾತಾಗಿದ್ದಿತು. ಬೆಂಜಮಿನ್ ಜೆಸ್ಟಿ ಎಂಬ ರೈತನು 1774ರಲ್ಲಿಯೇ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಗೋಸಿಡುಬಿನ ದ್ರವವನ್ನು ಚುಚ್ಚಿದ್ದನು. ಎಡ್ವರ್ಡ್ ಜೆನ್ನರನು 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲುಗಿತ್ತಿಯ ಕೈಯ ಗುಳ್ಳೆಯಿಂದ ದ್ರವವನ್ನು ತೆಗೆದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಹಾಕಿ, ಜುಲೈ ತಿಂಗಳಲ್ಲಿ ಅವನಿಗೆ ನಿಜವಾದ ಸಿಡುಬನ್ನೇ ಚುಚ್ಚಿ ನೋಡಿದನು. ಹುಡುಗನಿಗೆ ಏನೂ ಆಗಲಿಲ್ಲ. ಎರಡು ವೈರಸ್ಸುಗಳೂ ಒಂದೇ ಕುಲದವು. ಹೊರಮೈಯ ಪ್ರೋಟೀನುಗಳಲ್ಲಿ ಅವುಗಳಿಗೆ ಬಹಳ ಹೋಲಿಕೆಯಿರುವುದರಿಂದ ಒಂದಕ್ಕಾಗಿ ಹುಟ್ಟಿದ ಪ್ರತಿಕಾಯವು ಇನ್ನೊಂದನ್ನೂ ಹಿಡಿಯುತ್ತದೆ. ಗೋಸಿಡುಬು ಕೊಲ್ಲದು, ಗಾಳಿಯಲ್ಲಿ ಹರಡದು. ಹಳೆಯ ಟೀಕೆಯ ದೋಷಗಳೆರಡೂ ಹೀಗೆ ನೀಗಿದವು.

ಆದರೆ ಆ ದ್ರವವನ್ನು ಭಾರತಕ್ಕೆ ತರುವ ಬಗೆ ಹೇಗೆ? ಶೈತ್ಯಾಗಾರಗಳಿಲ್ಲದ ಕಾಲ, ಸೆಕೆಗೆ ದ್ರವ ನಿರ್ವೀರ್ಯವಾಗುತ್ತಿತ್ತು, ಹಡಗಿನಲ್ಲಿ ಆಫ್ರಿಕವನ್ನು ಬಳಸಿ ಬರುವಷ್ಟರಲ್ಲಿ ಅದರ ಸತ್ತ್ವವೆಲ್ಲ ಅಳಿದುಹೋಗುತ್ತಿತ್ತು. ವಿಯೆನ್ನಾದ ಝಾಂ ದ ಕಾರೋ ಎಂಬ ವೈದ್ಯನು ದ್ರವದಲ್ಲಿ ಅದ್ದಿದ ದಾರಗಳನ್ನು ಗಾಜಿನ ಹಲ್ಲೆಗಳ ನಡುವೆ ಅರಗಿನಿಂದ ಮುಚ್ಚಿ ಭೂಮಾರ್ಗವಾಗಿ ಬಾಗ್ದಾದಿಗೆ ಕಳುಹಿಸಿದನು. ಅಲ್ಲಿಂದ ಮುಂದೆ ಅದಕ್ಕೆ ವಾಹನವಾದುದು ಮನುಷ್ಯರ ತೋಳು. ಒಂದು ಮಗುವಿಗೆ ದಾಕು ಹಾಕಿದರೆ ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ಬಲಿತು ತಿಳಿಯಾದ ರಸ ತುಂಬುತ್ತದೆ. ಅದನ್ನು ಅಂದೇ ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕು. ಮನೆಯಿಂದ ಮನೆಗೆ ಹೆಪ್ಪು ಕೇಳಿ ಒಯ್ಯುವಂತೆ, ಒಂದು ಕಡೆ ತಪ್ಪಿತೋ ಸರಪಳಿಯೇ ಮುರಿಯಿತು. ಬಾಗ್ದಾದಿನಿಂದ ಬಸ್ರಾ, ಬಸ್ರಾದಿಂದ ಹಡಗಿನಲ್ಲಿ ಬೊಂಬಾಯಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಗುಳ್ಳೆ ಫಲಿಸಿತು. ಆ ಮಗುವಿನಿಂದ ಐದು ಮಕ್ಕಳಿಗೆ, ಆ ಐವರಿಂದ ಮತ್ತೆ ಇತರರಿಗೆ ಹಬ್ಬುತ್ತ, ಮದರಾಸು, ಹೈದರಾಬಾದು, ಕಲ್ಕತ್ತಗಳನ್ನು ಅದು ಮುಟ್ಟಿತು. ಸ್ಪೇನಿನ ದೊರೆಯು 1803ರಲ್ಲಿ ಅಮೆರಿಕಕ್ಕೆ ಇದನ್ನು ಕಳುಹಿಸುವಾಗ 22 ಮಂದಿ ಅನಾಥ ಬಾಲಕರನ್ನು ಹಡಗಿಗೆ ಹತ್ತಿಸಿ, ದಾರಿಯುದ್ದಕ್ಕೂ ಒಬ್ಬರಿಂದ ಒಬ್ಬರಿಗೆ ದಾಟಿಸಿದರಂತೆ. ಆ ಬಾಲಕರ ಸಮ್ಮತಿಯನ್ನು ಯಾರೂ ಕೇಳಿರಲಾರರು. ಈ ಋಣ ಎಂದಿಗೂ ತೀರುವಂಥದಲ್ಲ.

ಮೈಸೂರು ಸೀಮೆಗೆ ದಾಕು ಬೇಗನೆ ಬಂದಿತು. ಶ್ರೀರಂಗಪಟ್ಟಣ ಬಿದ್ದು ಬಾಲಕ ಮುಮ್ಮಡಿ ಕೃಷ್ಣರಾಜರು ಪಟ್ಟಕ್ಕೆ ಬಂದು, ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸುತ್ತಿದ್ದ ಕಾಲ ಅದು. ಊರೂರು ಅಲೆಯುತ್ತ ಹಳ್ಳಿಗಳಲ್ಲಿ ದಾಕು ಹಾಕಿಸುವ ಕೆಲಸಕ್ಕೆ ಟೊಂಕಕಟ್ಟಿದವನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಈ ನಾಡಿನ ಉಡುಗೆಯನ್ನೇ ಉಟ್ಟು, ಈ ನಾಡಿನ ಊಟವನ್ನೇ ಉಂಡು, ಜನರಿಂದ ದೊಡ್ಡ ಸ್ವಾಮಿಯವರೆನಿಸಿಕೊಂಡಿದ್ದ ಅವನು ಹಿಂದೂಗಳ ಆಚಾರವ್ಯವಹಾರಗಳ ಮೇಲೆ ಬರೆದ ಗ್ರಂಥಕ್ಕೆ ಪ್ರಸಿದ್ಧನಾಗಿದ್ದಾನೆ. ಆ ಗ್ರಂಥದ ಹಲವು ತೀರ್ಪುಗಳು ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಸಾವಿರಾರು ಮಕ್ಕಳಿಗೆ ಸಿಡುಬಿನಿಂದ ರಕ್ಷಣೆ ದೊರಕಿಸಿದ ಅವನ ಶ್ರಮಕ್ಕೆ ತಲೆಬಾಗುತ್ತೇನೆ. ಅರಮನೆಯ ಪಾಲೂ ಇದರಲ್ಲಿ ಉಂಟು. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ಬಹುಕಾಲ ನರ್ತಕಿಯರದೆಂದು ಭಾವಿಸಲಾಗಿತ್ತು. ಅವರು ಮೈಸೂರಿನ ರಾಜಸ್ತ್ರೀಯರೆಂದೂ, ಬಲಗಡೆಯ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಸಾಮಾನ್ಯವಾಗಿ ಸೀರೆಯಲ್ಲಿ ಮರೆಯಾಗಿರಬೇಕಾದ ಎಡತೋಳನ್ನು ತೆರೆದು ದಾಕು ಹಾಕಿಸಿಕೊಂಡ ಸ್ಥಾನವನ್ನು ತೋರುತ್ತಿದ್ದಾರೆಂದೂ, ಎಡಗಡೆಯ ರಾಣಿಯ ಮೂಗುಬಾಯಿಗಳ ಸುತ್ತಣ ಬಣ್ಣದ ವ್ಯತ್ಯಾಸವು ಹಳೆಯ ಟೀಕೆಯ ಚಿಹ್ನೆಯಾಗಿರಬಹುದೆಂದೂ ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅವರು ವಾದಿಸಿದ್ದಾರೆ. ಅದು ದಿಟವಾದರೆ, ಹಳೆಯ ಪದ್ಧತಿಯೂ ಹೊಸ ಪದ್ಧತಿಯೂ ಒಂದೇ ಚಿತ್ರಪಟದಲ್ಲಿ ಅಕ್ಕಪಕ್ಕ ನಿಂತಿವೆ. ಪರಪುರುಷನ ಕಣ್ಣಿಗೆ ಬೀಳದ ಅಂತಃಪುರದ ಹೆಣ್ಣುಮಗಳೊಬ್ಬಳು ಪ್ರಜೆಗಳ ಅಂಜಿಕೆ ಕಳೆಯಲೆಂದು ತೋಳು ತೋರಿದ ಆ ನಡತೆ ನಮ್ಮ ನಾಡಿನ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಗೌರವಕ್ಕೆ ಪಾತ್ರವಾಗಬೇಕಾದುದು.

ಪ್ರಜೆಗಳ ಅಂಜಿಕೆ ನಿರಾಧಾರವಾದುದಾಗಿರಲಿಲ್ಲ. ತೋಳಿನಿಂದ ತೋಳಿಗೆ ದಾಟುವಾಗ ಬೇರೆ ರೋಗಗಳೂ ದಾಟಬಹುದಾಗಿತ್ತು. ಯಾವ ಜಾತಿಯ ಮಗುವಿನ ರಸ ಯಾವ ಮನೆಯ ಮಗುವಿಗೆ ಎಂಬ ತಕರಾರು ಏಳುತ್ತಿತ್ತು. ತನ್ನ ಕೂಸಿನ ಗುಳ್ಳೆಯನ್ನು ಕೀಳುವುದಕ್ಕೆ ತಾಯಿಯಾದವಳು ಒಪ್ಪುತ್ತಿರಲಿಲ್ಲ. ಮುಂದೆ ಕರುಗಳ ಮೈಮೇಲೆ ದ್ರವವನ್ನು ಬೆಳೆಸಿ ಗ್ಲಿಸರಿನ್ನಿನಲ್ಲಿ ಕಾಪಿಡುವ ಕ್ರಮ ಬಂದ ಮೇಲೆ ಮಕ್ಕಳಿಗೆ ಆ ಭಾರ ತಪ್ಪಿತು. ಬೆಳಗಾವಿಯಲ್ಲಿ ಇಂದಿಗೂ ವ್ಯಾಕ್ಸಿನ್ ಡಿಪೋ ಎಂಬ ಹೆಸರಿನಿಂದ ಕರೆಯುವ ತಾಣವು ಆ ತಯಾರಿಕೆಯ ಕಾಲದ್ದು.

ಇಷ್ಟೆಲ್ಲ ನಡೆದರೂ ದೇಹದೊಳಗೆ ಏನಾಗುತ್ತದೆಂಬುದು ಗೂಢವಾಗಿಯೇ ಉಳಿದಿತ್ತು. ಸ್ಮೃತಿಯ ದೈರ್ಘ್ಯವನ್ನು ಅಳೆಯುವ ಅವಕಾಶ ಅನಿರೀಕ್ಷಿತವಾಗಿ ಉತ್ತರ ಅಟ್ಲಾಂಟಿಕ್ಕಿನ ಫ್ಯಾರೋ ದ್ವೀಪಗಳಲ್ಲಿ ಒದಗಿತು. ಅಲ್ಲಿ 1781ರಲ್ಲಿ ದಡಾರ ಹಬ್ಬಿತ್ತು. ಬಳಿಕ 1846ರ ತನಕ ಅದರ ಸುಳಿವಿರಲಿಲ್ಲ. ಆ ವರ್ಷ ಮತ್ತೆ ಬಂದಾಗ ಸುಮಾರು 7,800 ಜನರ ಪೈಕಿ 6,000 ಮಂದಿ ಹಾಸಿಗೆ ಹಿಡಿದರು. ಆದರೆ 1781ರಲ್ಲಿ ದಡಾರ ಬಂದುಹೋಗಿದ್ದ ಮುದುಕರಲ್ಲಿ ಒಬ್ಬರಿಗೂ ಅದು ತಗುಲಲಿಲ್ಲವೆಂದು ಪನೂಮ್ ಎಂಬ ತರುಣ ಡೇನಿಷ್ ವೈದ್ಯನು ಕಂಡನು. ಅರುವತ್ತೈದು ವರ್ಷಗಳಲ್ಲಿ ಒಮ್ಮೆಯೂ ಶತ್ರುವನ್ನು ಕಾಣದ ದೇಹವು ಅವನನ್ನು ಮರೆತಿರಲಿಲ್ಲ! ತರುವಾಯ 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ರಕ್ತದ್ರವದಲ್ಲಿರುವ ರಕ್ಷಕ ಪದಾರ್ಥವನ್ನು ತೋರಿಸಿದರು. 1957ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿ ಬರ್ನೆಟ್, ದೇಹದಲ್ಲಿ ಮೊದಲೇ ಇರುವ ಅಸಂಖ್ಯ ಬಗೆಯ ಕೋಶಗಳಲ್ಲಿ ಒಳಹೊಕ್ಕ ಪ್ರತಿಜನಕಕ್ಕೆ ಹೊಂದುವ ಕೋಶವೊಂದೇ ಆಯ್ಕೆಗೊಂಡು ವಂಶಾಭಿವೃದ್ಧಿ ಹೊಂದುತ್ತದೆಂದೂ, ಆ ವಂಶದ ಕೆಲವು ಕೋಶಗಳು ದೀರ್ಘಕಾಲ ಉಳಿಯುತ್ತವೆಂದೂ ಪ್ರತಿಪಾದಿಸಿದರು. ಪಠ್ಯಪುಸ್ತಕದ ಸ್ಮೃತಿಕೋಶ ಇದೇ.

ಸಿಡುಬಿನ ಅಂತ್ಯವನ್ನು ಎರಡು ಮಾತಿನಲ್ಲಿ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 1967ರಿಂದ ನಡೆಸಿದ ತೀವ್ರ ಕಾರ್ಯಾಚರಣೆಯ ಫಲವಾಗಿ ಭಾರತದಲ್ಲಿ 1975ರ ಮೇ ತಿಂಗಳಲ್ಲಿಯೂ, ಭೂಮಂಡಲದಲ್ಲಿ ಸಹಜವಾಗಿ ಬಂದ ಸಿಡುಬಾಗಿ 1977ರ ಅಕ್ಟೋಬರಿನಲ್ಲಿ ಸೋಮಾಲಿಯದಲ್ಲಿಯೂ ಅದು ಕೊನೆಯ ಬಾರಿಗೆ ಕಾಣಿಸಿಕೊಂಡಿತು. 1980ರಲ್ಲಿ ಅದರ ನಿರ್ಮೂಲನವು ಘೋಷಿತವಾಯಿತು. ದಾಕು ಹಾಕುವುದೂ ನಿಂತಿತು. ಅದಾಗಿ ಎರಡು ದಶಕಗಳು ಕಳೆದ ಮೇಲೆ, 2003ರಲ್ಲಿ, ಅಮೆರಿಕದ ವಿಜ್ಞಾನಿಗಳು ಬಾಲ್ಯದಲ್ಲಿ ದಾಕು ಹಾಕಿಸಿಕೊಂಡಿದ್ದ ವೃದ್ಧರ ರಕ್ತವನ್ನು ಪರೀಕ್ಷಿಸಿ ನೋಡಿದರು: ಐವತ್ತು ವರ್ಷಗಳು ಸಂದಿದ್ದರೂ ಆ ವೈರಸ್ಸನ್ನು ಗುರುತಿಸಬಲ್ಲ ಸ್ಮೃತಿಕೋಶಗಳು ಅವರ ರಕ್ತದಲ್ಲಿ ಇನ್ನೂ ಇದ್ದವು.